ಕೆಳದಿಯ ರಾಣಿ ವೀರಮ್ಮಾಜಿ: ವಿಧಿಯೋ, ನಡೆಯೋ?

ಸುಖವು ಬಂದೊದಗಿದಾಗ ಅದು ತನ್ನ ಜಾಣ್ಮೆಯ ಫಲವೆಂದೂ, ದುಃಖವು ಬಂದೆರಗಿದಾಗ ಅದು ಹಣೆಯ ಬರಹವೆಂದೂ ಭಾವಿಸುವುದು ಲೋಕದ ವಾಡಿಕೆಯಾಗಿರುವುದು. ಗೆದ್ದವನು ವಿಧಿಯನ್ನು ನೆನೆಯುವುದಿಲ್ಲ. ಸೋತವನು ತನ್ನ ನಡೆಯನ್ನು ನೆನೆಯುವುದಿಲ್ಲ. ಮಾನವನ ಬಾಳನ್ನು ರೂಪಿಸುವುದು ಅದೃಷ್ಟವೋ, ವಿಧಿಯೋ, ಶಿವಭಕ್ತಿಯೋ ಅಥವಾ ಅವನವನ ಮನೋಧರ್ಮವೋ ಎಂಬ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸಹೊರಟರೆ ಮಾತು ಬೆಳೆಯುವುದೇ ಹೊರತು ಮನಸ್ಸಿಗೆ ಸಮಾಧಾನವು ದೊರೆಯದು. ಆದುದರಿಂದ ಒಂದು ಬಾಳನ್ನೇ ಎದುರಿಗಿಟ್ಟುಕೊಂಡು ವಿಚಾರಿಸುವುದು ಲೇಸು. ರತ್ನಗಂಬಳಿಯ ಮೇಲೆ ನಡೆದು, ಕಡೆಗೆ ಮಧುಗಿರಿಯ ಕಲ್ಲುಕೋಟೆಯಲ್ಲಿ ಸೆರೆಯಾಳಾಗಿ ದಿನಗಳನ್ನೆಣಿಸಿದ ಕೆಳದಿಯ ರಾಣಿ ವೀರಮ್ಮಾಜಿಯ ಬಾಳು ಅಂತಹುದು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ಈ ನಾಲ್ಕು ತಾಲ್ಲೂಕುಗಳ ಸೀಮೆಯು ಬೆಟ್ಟದ ಕೋಟೆಗಳ ಸೀಮೆಯಾಗಿದೆ. ಪಾವಗಡ, ನಿಡುಗಲ್ಲು, ಮಿಡಿಗೇಶಿ, ಚನ್ನರಾಯನದುರ್ಗ ಇವೆಲ್ಲವೂ ಬಂಡೆಗಳ ಮೇಲೆ ಎದ್ದ ದುರ್ಗಗಳು. ಇವುಗಳ ನಡುವೆ ಸಮುದ್ರಮಟ್ಟದಿಂದ 3,900 ಅಡಿಗಳಿಗೂ ಮಿಗಿಲಾಗಿ ನಿಂತಿರುವ ಮಧುಗಿರಿಯ ಏಕಶಿಲೆಯ ಬೆಟ್ಟವು ಹಿರಿಯದು. ತಪ್ಪಿಸಿಕೊಂಡ ಕುರಿಯೊಂದು ಮೈಯೆಲ್ಲ ನೀರು ತೊಟ್ಟಿಕ್ಕುತ್ತ ಹಿಂದಿರುಗಿದುದರಿಂದ ಬೆಟ್ಟದಲ್ಲಿ ಊಟೆಗಳಿವೆಯೆಂದು ತಿಳಿದು ರಾಜಾ ಹಿರೇಗೌಡನು ಅಲ್ಲಿ ಮೊದಲಿಗೆ ಮಣ್ಣಿನ ಕೋಟೆಯನ್ನು ಕಟ್ಟಿಸಿದನೆಂದು ಐತಿಹ್ಯವುಂಟು. ಅನಂತರ ಆ ಕೋಟೆಯು ಮೈಸೂರಿನವರ ಕೈಸೇರಿ, ಹೈದರಾಲಿಯ ಕಾಲದಲ್ಲಿ ಇನ್ನಷ್ಟು ಬಲಗೊಂಡಿತು. ಸಮೀಪದ ಶಿರಾ ಪಟ್ಟಣದ ಕಥೆಯೂ ಹೀಗೆಯೇ. ಅದನ್ನು ಸ್ಥಾಪಿಸಿದವನು ರಂಗಪ್ಪನಾಯಕ. ಅವನಿಂದ ಬಿಜಾಪುರದವರಿಗೆ, ಅವರಿಂದ ಮೊಗಲರಿಗೆ, ಬಳಿಕ ಮರಾಠರಿಗೆ, 1761ರಲ್ಲಿ ಹೈದರನಿಗೆ, ಹೀಗೆ ಅದು ಕೈಯಿಂದ ಕೈಗೆ ಹೋಯಿತು. ಈ ಸೀಮೆಯ ಪ್ರತಿಯೊಂದು ಕಲ್ಲೂ ಐಶ್ವರ್ಯದ ಚಂಚಲತೆಯನ್ನು ಕಂಡಿರುವುದು.

ವೀರಮ್ಮಾಜಿಯು ಸೊಸೆಯಾಗಿ ಬಂದ ಮನೆತನವು ವೀರಶೈವ ಅರಸುಮನೆತನಗಳಲ್ಲಿ ಅಗ್ರಗಣ್ಯವಾದುದು. 1500ರ ಸುಮಾರಿನಲ್ಲಿ ಚೌಡಪ್ಪನಾಯಕನಿಂದ ಮೊದಲ್ಗೊಂಡ ಆ ವಂಶದ ಹುಟ್ಟಿನ ಕಥೆಯೂ ಭಾಗ್ಯದ ಕಥೆಯೇ. ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಚೌಡಪ್ಪನು ಹೊಲದ ಬಳಿ ಮಲಗಿದ್ದಾಗ ಸರ್ಪವೊಂದು ಹೆಡೆಯೆತ್ತಿ ನೆರಳು ನೀಡಿತೆಂದೂ, ಆ ಬಳಿಕ ಅವನಿಗೆ ನಿಧಿಯು ದೊರೆಯಿತೆಂದೂ, ಆ ನಿಧಿಗಾಗಿ ಯಾದವ, ಮುರಾರಿ ಎಂಬ ಇಬ್ಬರು ಆಳುಗಳು ತಮ್ಮ ಪ್ರಾಣವನ್ನೇ ಬಲಿಗೊಟ್ಟರೆಂದೂ ಜನರು ಹೇಳುತ್ತ ಬಂದಿದ್ದಾರೆ. ನಿಧಿ ದೊರೆತುದು ಅದೃಷ್ಟವೆಂದೇ ಇಟ್ಟುಕೊಳ್ಳೋಣ. ಆದರೆ ದೊರೆತ ನಿಧಿಯು ರಾಜ್ಯವಾಗಿ ಬೆಳೆದುದು ಅದೃಷ್ಟದಿಂದಲ್ಲ. ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ರಾಜಧಾನಿಯು ಬೆಳೆಯುತ್ತ ಹೋಯಿತು. ಶಿವಪ್ಪನಾಯಕನು ಹೊಲಗದ್ದೆಗಳ ಹುಟ್ಟುವಳಿಯನ್ನು ಪರೀಕ್ಷಿಸಿ ಕಂದಾಯವನ್ನು ಗೊತ್ತುಮಾಡಿದ ಕ್ರಮವು ಶಿವಪ್ಪನಾಯಕನ ಶಿಸ್ತೆಂದು ಇಂದಿಗೂ ಹೆಸರಾಗಿದೆ. ಎರಡನೆಯ ತಲೆಮಾರಿನಲ್ಲಿಯೇ ಕರಗಬಹುದಾಗಿದ್ದ ನಿಧಿಯು 260 ವರ್ಷಗಳ ರಾಜ್ಯವಾದುದು ನಡೆಯಿಂದ.

ವೀರಮ್ಮಾಜಿಯ ಚರಿತ್ರೆಯನ್ನು ತಿಳಿಯಬೇಕಾದರೆ ಅದೇ ಮನೆಯ ಇನ್ನೊಬ್ಬ ರಾಣಿಯನ್ನೂ ನೆನೆಯುವುದು ಅವಶ್ಯಕವಾಗಿದೆ. ಪತಿಯಾದ ಸೋಮಶೇಖರನಾಯಕನು 1671ರ ಸುಮಾರಿನಲ್ಲಿ ತೀರಿಕೊಂಡ ಬಳಿಕ ಚೆನ್ನಮ್ಮಾಜಿಯು ರಾಜ್ಯಭಾರವನ್ನು ವಹಿಸಿಕೊಂಡಳು. ಆಕೆಗೂ ಹೊಟ್ಟೆಯಲ್ಲಿ ಹುಟ್ಟಿದ ಮಗನಿರಲಿಲ್ಲ. ಬಸವಪ್ಪನನ್ನು ದತ್ತು ತೆಗೆದುಕೊಂಡಳು. ಸುತ್ತಲೂ ಶತ್ರುಗಳಿದ್ದರು. 1689ರಲ್ಲಿ ಶಿವಾಜಿಯ ಮಗನಾದ ರಾಜಾರಾಮನು ಮೊಗಲರ ಕೈಯಿಂದ ತಪ್ಪಿಸಿಕೊಂಡು ಬಂದು ಆಶ್ರಯ ಬೇಡಿದಾಗ, ಔರಂಗಜೇಬನ ಕೋಪವನ್ನು ಅರಿತಿದ್ದೂ ಆಕೆಯು ಅಭಯವನ್ನು ಕೊಟ್ಟಳು. ಬೆನ್ನಟ್ಟಿ ಬಂದ ಮೊಗಲರ ಸೈನ್ಯವನ್ನು ಮಲೆನಾಡಿನ ಕಾಡುಗಳಲ್ಲಿ ಕೆಳದಿಯವರು ಎದುರಿಸಿ ನಿಂತರು. ದತ್ತುಪುತ್ರನಾದ ಬಸವಪ್ಪನು ಮುಂದೆ ದೊರೆಯಾಗಿ ಶಿವತತ್ತ್ವರತ್ನಾಕರವೆಂಬ ಮಹಾಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನು.

ಅದೇ ಸಿಂಹಾಸನ, ಅದೇ ವೈಧವ್ಯ, ಅದೇ ದತ್ತುಪುತ್ರನ ಆಸರೆ ವೀರಮ್ಮಾಜಿಯ ಪಾಲಿಗೂ ಬಂದವು. ಕಡೆಯ ಬಸಪ್ಪನಾಯಕನು ತೀರಿಕೊಂಡ ಬಳಿಕ ಅವನ ದತ್ತುಪುತ್ರನಾದ ಚೆನ್ನಬಸಪ್ಪನಾಯಕನು ಪಟ್ಟಕ್ಕೆ ಬಂದನು. ಬಾಲಕನಾಗಿದ್ದುದರಿಂದ ರಾಣಿಯೇ ರಾಜ್ಯದ ಹೊಣೆಯನ್ನು ಹೊತ್ತಳು. 1757ರಲ್ಲಿ ಆ ಬಾಲಕನೂ ಇಲ್ಲವಾದನು. ರಾಣಿಯು ಸೋಮಶೇಖರನೆಂಬ ಇನ್ನೊಬ್ಬ ಬಾಲಕನನ್ನು ದತ್ತು ತೆಗೆದುಕೊಂಡು ಪಟ್ಟಗಟ್ಟಿದಳು. ಬಾಲಕನ ಮರಣದ ವಿಷಯದಲ್ಲಿಯೂ ರಾಣಿಯ ಶೀಲದ ವಿಷಯದಲ್ಲಿಯೂ ಕೆಟ್ಟ ಮಾತುಗಳು ಹಬ್ಬಿದವು. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಮೈಸೂರಿನ ಚರಿತ್ರೆಯನ್ನು ಬರೆದ ಕರ್ನಲ್ ವಿಲ್ಕ್ಸನು ಆ ಮಾತುಗಳನ್ನು ತನ್ನ ಗ್ರಂಥದಲ್ಲಿ ಸೇರಿಸಿದುದರಿಂದ ಅವು ಉಳಿದುಕೊಂಡವು. ರಾಜ್ಯವನ್ನು ಕಳೆದುಕೊಂಡ ಹೆಂಗಸಿನ ಮೇಲೆ ಅಪವಾದ ಹೊರಿಸುವುದು ಎಷ್ಟು ಸುಲಭವೆಂಬುದನ್ನು ಬಲ್ಲವರು ಈ ಮಾತುಗಳನ್ನು ಎಚ್ಚರಿಕೆಯಿಂದ ಓದಬೇಕು. ಸೋತವರಿಗೆ ಮರುನುಡಿಯುವ ಬಾಯಿಯಿರುವುದಿಲ್ಲ.

ಅಪವಾದವು ಸುಳ್ಳೇ ಆಗಿರಲಿ, ಅದು ಪ್ರಜೆಗಳ ಮನಸ್ಸಿನಲ್ಲಿ ಬೇರೂರಿದ್ದಿತು. ಅದರ ಫಲವು ಬೇಗನೆ ಕಾಣಿಸಿತು. ತಾನೇ ಚೆನ್ನಬಸಪ್ಪನಾಯಕನೆಂದೂ, ಸಾವಿನಿಂದ ಪಾರಾಗಿ ಬಂದಿರುವೆನೆಂದೂ ಹೇಳಿಕೊಳ್ಳುತ್ತ ಯುವಕನೊಬ್ಬನು ಚಿತ್ರದುರ್ಗದ ನಾಯಕನ ಆಶ್ರಯವನ್ನು ಪಡೆದನು. ಅವನಿಗೆ ರಾಜ್ಯವನ್ನು ಕೊಡಿಸುವ ನೆಪದಿಂದ ಹೈದರನು 1763ರಲ್ಲಿ ಬಿದನೂರಿನ ಮೇಲೆ ದಂಡೆತ್ತಿ ನಡೆದನು. ರಾಣಿಯು ಹಣವನ್ನು ಕೊಡುವೆನೆಂದು ಹೇಳಿಕಳುಹಿಸಿದಳು, ಹೈದರನು ಒಪ್ಪದಿರಲು ಮೊತ್ತವನ್ನು ಏರಿಸಿದಳು, ಮತ್ತೆ ಏರಿಸಿದಳು. ಕೊಡುವ ಹಣವು ಹೆಚ್ಚಿದಷ್ಟೂ ಬೊಕ್ಕಸವು ಎಷ್ಟು ದೊಡ್ಡದೆಂಬುದು ಶತ್ರುವಿಗೆ ಮನದಟ್ಟಾಯಿತು. ಇತ್ತ ಕುಂಸಿಯ ಸೆರೆಮನೆಯಲ್ಲಿ ಕೆಳದಿಯ ಹಳೆಯ ಮಂತ್ರಿ ಲಿಂಗಣ್ಣನೆಂಬಾತನು ಹೈದರನಿಗೆ ದೊರೆತನು. ಮನನೊಂದಿದ್ದ ಆ ಮಂತ್ರಿಯು ಬಿದನೂರನ್ನು ಹೊಗುವ ಗುಟ್ಟಿನ ದಾರಿಯನ್ನು ತೋರಿಸಿಕೊಟ್ಟನು. ಕಾಡು, ಕಣಿವೆ, ಕಾವಲು ಬಾಗಿಲುಗಳಿಂದ ಸುರಕ್ಷಿತವೆಂದು ನಂಬಿದ್ದ ರಾಜಧಾನಿಯೊಳಕ್ಕೆ ಶತ್ರುವು ಹೆಚ್ಚಿನ ಯುದ್ಧವಿಲ್ಲದೆ ನುಗ್ಗಿದನು. ಅರಮನೆಗೆ ಬೆಂಕಿಯಿಡುವಂತೆ ಅಪ್ಪಣೆಮಾಡಿ ರಾಣಿಯು ದತ್ತುಪುತ್ರನೊಡನೆ ಬಲ್ಲಾಳರಾಯನದುರ್ಗಕ್ಕೆ ಓಡಿದಳು. ಹೈದರನು ಬೆಂಕಿಯನ್ನಾರಿಸಿ ಬೊಕ್ಕಸವನ್ನು ವಶಪಡಿಸಿಕೊಂಡನು. ವಿಲ್ಕ್ಸನ ಅಂದಾಜಿನಂತೆ ಆ ಸಂಪತ್ತಿನ ಮೌಲ್ಯವು 1 ಕೋಟಿ 20 ಲಕ್ಷ ಪೌಂಡುಗಳು. ನಿಧಿಯಿಂದ ಹುಟ್ಟಿದ ರಾಜ್ಯವು ನಿಧಿಯ ಕಾರಣದಿಂದಲೇ ಅಳಿಯಿತು.

ದುರ್ಗದಲ್ಲಿ ಸೆರೆಸಿಕ್ಕ ರಾಣಿಯನ್ನೂ ದತ್ತುಪುತ್ರನನ್ನೂ ಮಲೆನಾಡಿನಿಂದ ದೂರವಾದ ಮಧುಗಿರಿಯ ಬೆಟ್ಟಕ್ಕೆ ಕಳುಹಿಸಲಾಯಿತು. ಯಾವನಿಗೆ ಪಟ್ಟಗಟ್ಟುವೆನೆಂದು ಹೈದರನು ಹೊರಟಿದ್ದನೋ ಆ ಯುವಕನನ್ನೂ ಅದೇ ಕೋಟೆಯಲ್ಲಿಯೇ ಸೆರೆಯಿಡಲಾಯಿತು. ರಾಜ್ಯವನ್ನು ಕಳೆದುಕೊಂಡವಳಿಗೂ, ರಾಜ್ಯವನ್ನು ಬಯಸಿ ಬಂದವನಿಗೂ ಒಂದೇ ಕಲ್ಲಿನ ಗೋಡೆಯು ಆವರಣವಾಯಿತು. ಅದೃಷ್ಟವನ್ನು ನೆಚ್ಚುವವರು ಈ ಒಂದು ಸಂಗತಿಯನ್ನು ಚೆನ್ನಾಗಿ ಮನನಮಾಡತಕ್ಕದ್ದು.

ವರ್ಷದ ಬಹುಕಾಲ ಮಳೆ ಸುರಿಯುವ ಹಸಿರು ನಾಡಿನಲ್ಲಿ ಬಾಳಿದ ಆಕೆಗೆ ಬಿಸಿಲಿನಲ್ಲಿ ಕಾದ ಬಂಡೆಯು ವಾಸಸ್ಥಾನವಾಯಿತು. ಬೊಕ್ಕಸದ ಹೊನ್ನನ್ನು ಎಣಿಸಿ ಬರೆದವರು ಉಂಟು. ಸೆರೆಯ ದಿನಗಳನ್ನು ಎಣಿಸಿ ಬರೆದವರಿಲ್ಲ. ಆದರೆ ವೀರಶೈವ ಮನೆತನದ ಹೆಣ್ಣುಮಗಳಿಗೆ ಅರಮನೆಯೊಂದೇ ಆಸ್ತಿಯಲ್ಲವಷ್ಟೆ. ಗುರುವು ಕರುಣಿಸಿದ ಇಷ್ಟಲಿಂಗವು ದೇಹವನ್ನು ಬಿಟ್ಟು ಅಗಲತಕ್ಕುದಲ್ಲ. ರಾಜ್ಯವು ಹೋಯಿತು, ಬೊಕ್ಕಸವು ಹೋಯಿತು, ಒಳ್ಳೆಯ ಹೆಸರೂ ಹೋಯಿತು. ಎದೆಯ ಮೇಲಿನ ಲಿಂಗವನ್ನು ಯಾವ ದಂಡೂ ಕೊಳ್ಳೆಯ ಪಟ್ಟಿಯಲ್ಲಿ ಬರೆದುಕೊಳ್ಳಲಾರದು. ಗುಡಿಯು ದೂರವಾದರೂ, ಬಾಗಿಲಿಗೆ ಬೀಗ ಬಿದ್ದರೂ, ಅಂಗೈಯೇ ಗುಡಿಯಾಗುವ ಧರ್ಮವನ್ನು ಬಸವಾದಿ ಶರಣರು ಕೊಟ್ಟಿರುವುದು ಇಂತಹ ದಿನಕ್ಕಾಗಿಯೇ ಎಂದರೂ ಸಲ್ಲುವುದು.

ನಾಲ್ಕು ವರ್ಷಗಳು ಕಳೆದವು. 1767ರಲ್ಲಿ ಪೇಶ್ವೆ ಮಾಧವರಾಯನು ಹೈದರನ ಮೇಲೆ ದಂಡೆತ್ತಿ ಬಂದು ಶಿರಾವನ್ನೂ ಬಳಿಕ ಮಧುಗಿರಿಯನ್ನೂ ಹಿಡಿದನು. ಸೆರೆಮನೆಯ ಬಾಗಿಲು ತೆರೆಯಿತು. ರಾಣಿಯನ್ನೂ ಆಕೆಯ ಮಗನನ್ನೂ ಪುಣೆಯ ಕಡೆಗೆ ಕಳುಹಿಸಿಕೊಟ್ಟರು. ಆದರೆ ಪಯಣದ ನಡುವೆಯೇ ಆಕೆಯು ಲಿಂಗೈಕ್ಯಳಾದಳೆಂದು ಚರಿತ್ರಕಾರರು ಹೇಳಿರುವರು. ಬಿದನೂರನ್ನು ಆಕೆ ಮತ್ತೆ ಕಾಣಲಿಲ್ಲ. ಊರಿಗೆ ಹೈದರನಗರವೆಂಬ ಹೆಸರು ಬಿದ್ದು, ಅದೇ ಮುಂದೆ ನಗರವೆಂದು ಉಳಿಯಿತು.

ಇನ್ನು ಗೆದ್ದವನ ಭಾಗ್ಯವನ್ನು ನೋಡೋಣ. ಹೈದರನ ತಂದೆಯು ಶಿರಾದ ಸುಬೇದಾರನ ಸೇವೆಯಲ್ಲಿದ್ದು ಕಾಳಗದಲ್ಲಿ ಮಡಿದವನು; ತಂದೆಯಿಲ್ಲದ ಮಕ್ಕಳು ಬಹಳ ಕಷ್ಟಗಳಿಗೀಡಾದರು. ಆ ಬಾಲಕನೇ ಬೆಳೆದು 1761ರಲ್ಲಿ ಶಿರಾದ ನವಾಬನೆಂಬ ಬಿರುದನ್ನು ಧರಿಸಿದನು. ತನ್ನ ಏಳಿಗೆಗೆ ಬಿದನೂರಿನ ಐಶ್ವರ್ಯವೇ ಮೂಲವೆಂದು ಅವನೇ ಹೇಳಿಕೊಳ್ಳುತ್ತಿದ್ದನಂತೆ. ಅದರೆ ಆ ಐಶ್ವರ್ಯವೂ ನಿಲ್ಲಲಿಲ್ಲ. 1782ರಲ್ಲಿ ಯುದ್ಧದ ಬೀಡಿನಲ್ಲಿಯೇ ಹೈದರನು ತೀರಿಕೊಂಡನು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದು ಅವನ ಮಗ ಟಿಪ್ಪುವು ಕೋಟೆಯ ಬಾಗಿಲಲ್ಲಿ ಮಡಿದನು. ಬಿದನೂರು ಬಿದ್ದಂದಿನಿಂದ ಲೆಕ್ಕ ಹಾಕಿದರೆ ಕೇವಲ 36 ವರ್ಷಗಳು.

ಹಾಗಾದರೆ ಎಲ್ಲವೂ ವಿಧಿಯೇ? ಹಾಗೆಂದು ಹೇಳಲಾಗದು. ವಿಧವೆಯಾದ ರಾಣಿಗೆ ಸೋಲೇ ಬರೆದಿದ್ದರೆ ಚೆನ್ನಮ್ಮಾಜಿಯು ಗೆಲ್ಲತಕ್ಕುದಲ್ಲ. ಆಕೆಯು ಶರಣಾಗತನಿಗಾಗಿ ರಾಜ್ಯವನ್ನೇ ಪಣವೊಡ್ಡಿದಳು. ಪ್ರಜೆಗಳು ಆಕೆಗಾಗಿ ಪ್ರಾಣವನ್ನು ಪಣವೊಡ್ಡಿದರು. ವೀರಮ್ಮಾಜಿಯು ಹೊನ್ನನ್ನೂ ಗೋಡೆಯನ್ನೂ ನೆಚ್ಚಿದಳು. ಗೋಡೆಯ ಗುಟ್ಟನ್ನು ಬಲ್ಲ ಮನುಷ್ಯನು ಸೆರೆಯಲ್ಲಿ ಕುದಿಯುತ್ತಿದ್ದನು. ನೊಂದ ಒಬ್ಬನ ಮನಸ್ಸು ನೂರು ಬಾಗಿಲಿನ ಕೋಟೆಯನ್ನು ತೆರೆಯಬಲ್ಲದು. ಹಾಗೆಂದು ಎಲ್ಲವೂ ಆಕೆಯ ತಪ್ಪೆನ್ನುವುದೂ ನ್ಯಾಯವಲ್ಲ. ಪತಿಯ ಮರಣ, ಎಳೆಯ ದೊರೆ, ನೆರೆಯವರ ದುರಾಶೆ, ಹೈದರನಂತಹ ಸಮರ್ಥನಾದ ಶತ್ರು, ಇವಾವುವೂ ಆಕೆ ಕೇಳಿ ಪಡೆದವಲ್ಲ. ಬಂದುದರಲ್ಲಿ ಒಂದು ಪಾಲು ನಮ್ಮದಲ್ಲ. ಅದಕ್ಕೆ ನಾವು ಕೊಡುವ ಉತ್ತರವು ಮಾತ್ರ ನಮ್ಮದು.

ಭಕ್ತಿಯಿದ್ದರೆ ಆಪತ್ತು ಬಾರದೆಂದು ಕೆಲವರು ತಿಳಿದಿರುವರು. ಇದೂ ಶರಣರ ಮತವಲ್ಲ. ಕಲ್ಯಾಣದಲ್ಲಿ ಹರಳಯ್ಯ ಮಧುವರಸರಿಗೆ ಒದಗಿದ ಶಿಕ್ಷೆಯನ್ನೂ, ಶರಣಸಮೂಹವು ದಿಕ್ಕುದಿಕ್ಕಿಗೆ ಚದುರಿದುದನ್ನೂ ಬಲ್ಲವರು ಭಕ್ತಿಯನ್ನು ಆಪತ್ತು ತಡೆಯುವ ತಾಯಿತವೆಂದು ಭಾವಿಸಲಾರರು. ಅವರಿಗಿಂತ ಮಿಗಿಲಾದ ಭಕ್ತರು ಯಾರು? ಆದರೂ ಕಷ್ಟವು ಅವರನ್ನು ಬಿಡಲಿಲ್ಲ. ಕಷ್ಟದಲ್ಲಿ ಅವರು ನಿಷ್ಠೆಯನ್ನು ಬಿಡಲಿಲ್ಲ. ಅವರು ತಿಥಿ ವಾರ ನಕ್ಷತ್ರಗಳ ಬಲವನ್ನು ನೆಚ್ಚದೆ ಕಾಯಕವನ್ನೂ ದಾಸೋಹವನ್ನೂ ನೆಚ್ಚಿದರು. ಕೂಡಿಟ್ಟ ಹೊನ್ನಿಗೆ ಕಳ್ಳನುಂಟು, ದೊರೆಯುಂಟು. ದಾಸೋಹದಿಂದ ಗಳಿಸಿದ ಜನರ ಮನಸ್ಸಿಗೆ ಅಂತಹ ಭಯವಿಲ್ಲವೆಂಬುದು ಅವರ ನಡೆಯ ತಾತ್ಪರ್ಯವಾಗಿದ್ದಿತು.

ಮಧುಗಿರಿ ಪಾವಗಡಗಳ ಒಕ್ಕಲಿಗನಿಗೆ ಈ ತತ್ತ್ವವನ್ನು ಬೇರೆ ಯಾರೂ ಬೋಧಿಸಬೇಕಾಗಿಲ್ಲ. ಮಳೆಯು ಬರುವುದು ಅವನ ಕೈಯಲ್ಲಿಲ್ಲ. ಕೆರೆಯ ಹೂಳನ್ನು ತೆಗೆದು ಏರಿಯನ್ನು ಸರಿಪಡಿಸಿಡುವುದು ಅವನ ಕೈಯಲ್ಲಿದೆ. ಹೂಳು ತುಂಬಿದ ಕೆರೆಗೆ ಒಳ್ಳೆಯ ಮಳೆ ಬಂದರೂ ನೀರು ನಿಲ್ಲದು, ಅದನ್ನು ವಿಧಿಯೆನ್ನಲಾದೀತೇ? ಹೂಳು ತೆಗೆದ ಕೆರೆಯೂ ಒಮ್ಮೊಮ್ಮೆ ಮಳೆಯಿಲ್ಲದೆ ಬತ್ತುವುದುಂಟು; ಅದನ್ನು ರೈತನ ತಪ್ಪೆನ್ನಲಾದೀತೇ? ಕೆರೆಯನ್ನು ಸಿದ್ಧವಾಗಿಟ್ಟು, ಬಂದ ನೀರನ್ನು ನೆರೆಹೊರೆಯವರೊಡನೆ ಹಂಚಿಕೊಂಡು, ಬಾರದ ವರ್ಷದಲ್ಲಿ ಲಿಂಗನಿಷ್ಠೆಯನ್ನು ಬಿಡದೆ ನಿಲ್ಲುವುದೇ ಗೃಹಸ್ಥನ ಧರ್ಮ. ಮನೆಯಲ್ಲಿ ನೊಂದವರಿದ್ದರೆ ಅವರ ಮನಸ್ಸನ್ನು ಇಂದೇ ತಿಳಿಯಾಗಿಸಿಕೊಳ್ಳುವುದು, ಕೂಡಿಟ್ಟುದರಲ್ಲಿ ಜಂಗಮಕ್ಕೂ ಹಸಿದವರಿಗೂ ಪಾಲು ಕೊಡುವುದು, ಪರರ ಮೇಲಿನ ಅಪವಾದವನ್ನು ವಿಚಾರಿಸದೆ ನಂಬದಿರುವುದು, ಈ ಮೂರನ್ನು ವೀರಮ್ಮಾಜಿಯ ಚರಿತ್ರೆಯಿಂದ ಕಲಿತರೆ ಮಧುಗಿರಿಯ ಬಂಡೆಯ ಮೇಲೆ ಆಕೆ ಕಳೆದ ದಿನಗಳು ವ್ಯರ್ಥವಾಗಲಿಲ್ಲವೆಂದು ತಿಳಿಯಬಹುದು.