ಬೇಡವೆನ್ನಿಸಿಕೊಂಡ ದನಿ: ನಟ ಅಮ್ಜದ್ ಖಾನ್

ಮಡಕಶಿರದ ಕಡೆಯ ನಮಗೆ ಕಲ್ಲುಗುಡ್ಡಗಳು ಹೊಸತಲ್ಲ. ಅಂಥವೇ ಬಂಡೆಗಳಿರುವ ರಾಮನಗರವನ್ನು 1973ರಲ್ಲಿ ಮುಂಬಯಿಯ ಚಿತ್ರೋದ್ಯಮ ಹುಡುಕಿಕೊಂಡು ಬಂದಿತು. ಅಮೆರಿಕದ ಕೌಬಾಯ್ ಚಿತ್ರಗಳ ಜಾಡಿನಲ್ಲಿ ರಮೇಶ್ ಸಿಪ್ಪಿಯವರು ‘ಶೋಲೆ’ ಚಿತ್ರವನ್ನು ತೆಗೆದುದು ಅಲ್ಲಿಯೇ. ಕಲಾ ನಿರ್ದೇಶಕ ರಾಮ್ ಯೆಡೇಕರರು ಬೆಟ್ಟದ ಬುಡದಲ್ಲಿ ಒಂದು ಹಳ್ಳಿಯನ್ನೇ ಕಟ್ಟಿ ನಿಲ್ಲಿಸಿದರು. ಆ ಚಿತ್ರದ ದರೋಡೆಕೋರ ಗಬ್ಬರ್ ಸಿಂಗನನ್ನು ಅರಿಯದವರು ವಿರಳ. ಆ ಪಾತ್ರಧಾರಿ ಅಮ್ಜದ್ ಖಾನರ ಬಾಳು ಅಷ್ಟಾಗಿ ತಿಳಿದಿಲ್ಲ.

ಅಮ್ಜದರು ಕಲಾವಿದರ ಮನೆಯವರು. ತಂದೆ ಝಕಾರಿಯಾ ಖಾನರು ಜಯಂತ್ ಎಂಬ ಹೆಸರಿನಿಂದ ಹಿಂದಿ ಚಿತ್ರಗಳಲ್ಲಿ ಪ್ರಸಿದ್ಧರು. ಮಗನಿಗೆ ಮೊದಲು ಒಲಿದದ್ದು ರಂಗಭೂಮಿ. ಗಬ್ಬರನ ಪಾತ್ರಕ್ಕೆ ಮೊದಲು ಗೊತ್ತಾಗಿದ್ದವರು ಡ್ಯಾನಿ. ಅವರು ಬೇರೊಂದು ಚಿತ್ರಕ್ಕಾಗಿ ಆಫ್ಘಾನಿಸ್ತಾನಕ್ಕೆ ಹೋಗಬೇಕಾದ್ದರಿಂದ ಸ್ಥಾನ ತೆರವಾಯಿತು. ಕಥೆಗಾರರಾದ ಸಲೀಂ-ಜಾವೇದ್ ಜೋಡಿ ಅಮ್ಜದರ ಹೆಸರನ್ನು ಸೂಚಿಸಿತು. ಜಾವೇದರು ಕೆಲವು ವರ್ಷಗಳ ಹಿಂದೆ ನಾಟಕವೊಂದರಲ್ಲಿ ಅವರನ್ನು ಕಂಡು ಮೆಚ್ಚಿದ್ದರು.

ಅಮ್ಜದರು ಸಿದ್ಧತೆಯಲ್ಲಿ ಕೊರತೆ ಮಾಡಲಿಲ್ಲ. ಚಂಬಲ್ ದರೋಡೆಕೋರರನ್ನು ಕುರಿತು ತರುಣ್ ಕುಮಾರ್ ಭಾದುರಿಯವರು ಬರೆದ ಪುಸ್ತಕವನ್ನು ಓದಿದರು. ಬಾಲ್ಯದಲ್ಲಿ ಕಂಡ ಅಗಸನೊಬ್ಬ ಹೆಂಡತಿಯನ್ನು ಕೂಗುತ್ತಿದ್ದ ಧಾಟಿಯನ್ನು ಪಾತ್ರಕ್ಕೆ ತಂದರೆಂದೂ ಹೇಳುತ್ತಾರೆ.

ಆದರೂ ಆರಂಭ ಸುಗಮವಾಗಿರಲಿಲ್ಲ. ಹೆಸರಾಂತ ತಾರೆಯರ ಎದುರು ಹೊಸಬನಿಗೆ ಅಳುಕು. ಬಂಡೆಯ ಮೇಲಿನ ಮೊದಲ ಮಾತುಗಳು ಎಷ್ಟು ಸಲ ಚಿತ್ರಿಸಿದರೂ ಸರಿಬರಲಿಲ್ಲ. ಆ ಕಂಠ ಅಂಥ ಕ್ರೂರಿಗೆ ಸಾಲದು, ಬೇರೆಯವರ ದನಿ ಜೋಡಿಸುವುದು ಲೇಸು ಎಂಬ ಮಾತೂ ಎದ್ದಿತು. ಪಾತ್ರಕ್ಕೆ ತಮ್ಮನ್ನು ಸೂಚಿಸಿದವರಿಗೇ ಸಂಶಯ ಬಂದುದು ಅಮ್ಜದರನ್ನು ಬಹಳವಾಗಿ ನೋಯಿಸಿತು. ಸಿಪ್ಪಿಯವರು ಮಾತ್ರ ನಟನನ್ನೂ ದನಿಯನ್ನೂ ಬದಲಾಯಿಸಲಿಲ್ಲ.

1975ರ ಆಗಸ್ಟ್ 15ರಂದು ಚಿತ್ರ ತೆರೆಕಂಡಿತು. ಮಗನ ಈ ಗೆಲುವನ್ನು ಕಾಣಲು ತಂದೆ ಇರಲಿಲ್ಲ. ಅದೇ ಜೂನ್ ತಿಂಗಳಲ್ಲಿ ಅವರು ತೀರಿಕೊಂಡಿದ್ದರು. ಮೊದಮೊದಲು ಸೋತಿತೆಂದು ಬಗೆದ ಚಿತ್ರ ಮುಂಬಯಿಯ ಮಿನರ್ವಾ ಚಿತ್ರಮಂದಿರದಲ್ಲಿ 5 ವರ್ಷ ಓಡಿತು. ಪಾಲಿಡೋರ್ ಕಂಪನಿ ಹಾಡುಗಳ ಬದಲು ಸಂಭಾಷಣೆಗಳದೇ ಗ್ರಾಮಾಫೋನ್ ತಟ್ಟೆ ಹೊರತಂದಿತು. ಹಬ್ಬ-ಜಾತ್ರೆಗಳ ಧ್ವನಿವರ್ಧಕಗಳಲ್ಲಿ ಜನ ಮತ್ತೆ ಮತ್ತೆ ಕೇಳಿದ್ದು, ಸಾಲದೆನ್ನಿಸಿಕೊಂಡ ಅದೇ ದನಿಯನ್ನು. ಬಿಸ್ಕತ್ತಿನ ಜಾಹೀರಾತಿಗೂ ಗಬ್ಬರನೇ ಬಂದ.

1976ರಲ್ಲಿ ಗೋವೆಯ ದಾರಿಯಲ್ಲಿ ಅಮ್ಜದರ ಕಾರು ಅಪಘಾತಕ್ಕೀಡಾಯಿತು. ಪಕ್ಕೆಲುಬು ಮುರಿದು, ಶ್ವಾಸಕೋಶಕ್ಕೆ ಪೆಟ್ಟಾಗಿ ಬದುಕಿದ್ದೇ ಹೆಚ್ಚು. ಚಿಕಿತ್ಸೆಯ ಔಷಧಿಗಳಿಂದ ಮೈ ಸ್ಥೂಲವಾಯಿತು. ಹಾಗಿದ್ದೂ 1977ರಲ್ಲಿ ಸತ್ಯಜಿತ್ ರಾಯರ ‘ಶತರಂಜ್ ಕೇ ಖಿಲಾಡಿ’ಯಲ್ಲಿ ಅವಧದ ಕಡೆಯ ನವಾಬ ವಾಜಿದ್ ಅಲಿ ಷಾ ಆದರು. ಬಂಡೆಗಳ ನಡುವೆ ಗುಡುಗಿದ ಕಂಠ ರಾಜ್ಯ ಕಳೆದುಕೊಳ್ಳುವ ಕವಿಹೃದಯದ ದೊರೆಯ ಅಳಲನ್ನು ಮೆಲ್ಲಗೆ ನುಡಿಯಿತು. ಮುಂದೆ ಎರಡು ಚಿತ್ರಗಳನ್ನು ತಾವೇ ನಿರ್ದೇಶಿಸಿದರು. 1992ರ ಜುಲೈ 27ರಂದು ಹೃದಯಾಘಾತದಿಂದ ನಿಧನರಾದರು.

ರಾಮನಗರದ ಆ ಹಳ್ಳಿ ಈಗಿಲ್ಲ. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ರಕ್ಷಿತ ತಾಣ. ಉಳಿದಿರುವುದು ದನಿ. ಕಾಸರಗೋಡಿನಲ್ಲಾಗಲಿ ಮಡಕಶಿರದಲ್ಲಾಗಲಿ, ತನ್ನ ಮನೆಮಾತು ನಾಲ್ಕು ಜನರ ನಡುವೆ ಸಲ್ಲದೇನೋ ಎಂದು ಅಳುಕುವ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ಗಬ್ಬರನ ಮಾತುಗಳನ್ನು ಅವರೂ ಬಲ್ಲರು. ಆ ದನಿಯನ್ನೂ ಒಮ್ಮೆ ಬೇಡವೆಂದಿದ್ದರೆಂದು ಅವರಿಗೆ ಹಿರಿಯರಾದ ನಾವು ತಿಳಿಸೋಣ.