ನಗದೇ ನಗಿಸಿದವನು

ಬಸ್ಟರ್ ಕೀಟನ್ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಕಾನ್ಸಾಸ್ ರಾಜ್ಯದ ಪುಟ್ಟ ಊರೊಂದರಲ್ಲಿ. ಅಪ್ಪ–ಅಮ್ಮ ಊರೂರು ಸುತ್ತುವ ರಂಗ ಕಲಾವಿದರು. ವೇದಿಕೆಯ ಮೇಲೆ ಅಪ್ಪ ಎತ್ತಿ ಎಸೆದರೆ ಪೆಟ್ಟಾಗದಂತೆ ಬೀಳುವುದೇ ಬಾಲಕನ ಮೊದಲ ಪಾಠ. ತಾನು ನಗದಿದ್ದರೆ ಜನ ಹೆಚ್ಚು ನಗುತ್ತಾರೆ ಎಂಬುದನ್ನೂ ಅಲ್ಲೇ ಕಲಿತ.

1917ರಲ್ಲಿ ಸಿನಿಮಾಕ್ಕೆ ಬಂದ ಕೀಟನ್, ಮುಂದೆ ನಿರ್ದೇಶನ, ನಟನೆ ಎರಡನ್ನೂ ತಾನೇ ಮಾಡಿದ. 1926ರ ‘ದಿ ಜನರಲ್’ ಚಿತ್ರಕ್ಕಾಗಿ ನಿಜವಾದ ರೈಲು ಎಂಜಿನ್ನನ್ನೇ ನದಿಗೆ ಬೀಳಿಸಿದ. ಆದರೆ ಚಿತ್ರ ಸೋತಿತು. 1928ರಲ್ಲಿ ಎಂಜಿಎಂ ಸ್ಟುಡಿಯೊ ಸೇರಿದ ಮೇಲೆ ತನ್ನಿಷ್ಟದಂತೆ ಚಿತ್ರ ಮಾಡುವ ಸ್ವಾತಂತ್ರ್ಯ ಹೋಯಿತು. ಕುಡಿತ ಅಂಟಿತು, ಸಂಸಾರ ಮುರಿಯಿತು, 1933ರಲ್ಲಿ ಕೆಲಸವೂ ಹೋಯಿತು.

ಕೆಲವು ವರ್ಷಗಳ ಬಳಿಕ ಅದೇ ಸ್ಟುಡಿಯೊಗೆ ಮರಳಿದ. ಈ ಬಾರಿ ನಾಯಕನಾಗಿ ಅಲ್ಲ. ವಾರಕ್ಕೆ 100 ಡಾಲರ್ ಸಂಬಳಕ್ಕೆ ಬೇರೆಯವರ ಚಿತ್ರಗಳಿಗೆ ಹಾಸ್ಯದ ಸನ್ನಿವೇಶ ಹೊಸೆದುಕೊಡುವವನಾಗಿ. ಮುಂದೆ ಹಳೆಯ ಚಿತ್ರಗಳು ಮತ್ತೆ ತೆರೆ ಕಂಡವು. 1960ರಲ್ಲಿ ಗೌರವ ಆಸ್ಕರ್ ಬಂತು. 1966ರಲ್ಲಿ ತೀರಿಕೊಂಡ. ಅಂದು ಸೋತ ‘ದಿ ಜನರಲ್’ ಇಂದು ಶ್ರೇಷ್ಠ ಚಿತ್ರಗಳ ಸಾಲಿನಲ್ಲಿದೆ.

ಹುದ್ದೆ ಕಿರಿದಾದರೂ ಕಲಿತ ವಿದ್ಯೆ ಕಿರಿದಾಗಲಿಲ್ಲ. ಕೆಲಸಕ್ಕಾಗಿ ಅಲೆಯುವ ನಮಗೆ ಇದಿಷ್ಟು ನೆನಪಿದ್ದರೆ ಸಾಕು.