ಕೆಂಗೇರಿಯಿಂದ ಶಾಂತಿವನಕ್ಕೆ: ವಂದನೀಯ ಬೀಡ್ ಗ್ರಿಫಿತ್ಸರ ಸತ್ಯಾನ್ವೇಷಣೆ

ಇರುವುದೆಲ್ಲಕ್ಕೂ ಮೂಲವಾದ ಪರತತ್ತ್ವವನ್ನು ಮಾನವನು ಬುದ್ಧಿಯಿಂದ ಅರಿಯಬಲ್ಲನೇ, ವಿಶ್ವಾಸದಿಂದಲೇ, ಅಥವಾ ಧ್ಯಾನದ ಮೌನದಲ್ಲಿಯೇ? ಪಂಡಿತರು ಶತಮಾನಗಳಿಂದ ಚರ್ಚಿಸುತ್ತ ಬಂದ ಈ ಪ್ರಶ್ನೆಯನ್ನು ಸ್ವಂತ ಬಾಳಿನಲ್ಲಿ ಪರೀಕ್ಷಿಸಿ ನೋಡಿದವರು ವಂದನೀಯ ಫಾದರ್ ಬೀಡ್ ಗ್ರಿಫಿತ್ಸ್. ನಮ್ಮ ಅನ್ನಪೂರ್ಣೇಶ್ವರಿ ನಗರಕ್ಕೆ ಸಮೀಪದ ಕೆಂಗೇರಿಯಲ್ಲಿಯೇ ಅವರ ಭಾರತದ ಆಶ್ರಮಜೀವನ ಆರಂಭವಾಯಿತೆಂಬುದನ್ನು ನಮ್ಮಲ್ಲಿ ಅನೇಕರು ಅರಿಯರು.

ಅವರು 1906ರ ಡಿಸೆಂಬರ್ 17ರಂದು ಇಂಗ್ಲೆಂಡಿನಲ್ಲಿ ಆಂಗ್ಲಿಕನ್ ಕುಟುಂಬವೊಂದರಲ್ಲಿ ಜನಿಸಿದರು. ಶಾಲೆಯ ಕೊನೆಯ ದಿನಗಳಲ್ಲಿ, ಒಂದು ಸಂಜೆ ಹಕ್ಕಿಗಳ ಗಾನವನ್ನು ಆಲಿಸುತ್ತಿದ್ದಾಗ, ಸೃಷ್ಟಿಯ ಹಿಂದಿರುವ ಪವಿತ್ರ ಸಾನ್ನಿಧ್ಯವೊಂದು ಆ ಬಾಲಕನ ಹೃದಯವನ್ನು ತಟ್ಟಿತು. ಆಕ್ಸ್‌ಫರ್ಡಿನಲ್ಲಿ ಸಿ. ಎಸ್. ಲೂಯಿಸ್ ಅವರಿಗೆ ಗುರುವಾದರು. ಬಳಿಕ ಆಪ್ತಮಿತ್ರರೂ ಆದರು. ಸ್ಪಿನೋಜಾ, ಮಾರ್ಕಸ್ ಔರೇಲಿಯಸ್, ಸಂತ ಅಗಸ್ಟೀನ್ ಮೊದಲಾದವರ ಗ್ರಂಥಗಳು ಅವರನ್ನು ದೇವರ ಬಾಗಿಲವರೆಗೆ ಕರೆತಂದವು. ಆದರೆ ಬಾಗಿಲನ್ನು ದಾಟಲು ತರ್ಕವೊಂದೇ ಸಾಲದಾಯಿತು. ತೀವ್ರ ಅಂತಃಸಂಘರ್ಷದ ನಡುವೆ ರಾತ್ರಿಯಿಡೀ ಪ್ರಾರ್ಥನೆಯಲ್ಲಿ ಕಳೆದ ಮೇಲೆಯೇ ಬುದ್ಧಿಯ ಅಹಂಕಾರವು ಕರಗಿತು. 1931ರ ಕ್ರಿಸ್ಮಸ್ ಮುನ್ನಾದಿನ ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದರು; ಬೆನೆಡಿಕ್ಟೀನ್ ಸನ್ಯಾಸಿಯಾಗಿ ಬೀಡ್ ಎಂಬ ಹೆಸರನ್ನು ತಾಳಿ, 1940ರಲ್ಲಿ ಗುರುದೀಕ್ಷೆ ಪಡೆದರು.

1955ರಲ್ಲಿ ಅವರು ಫಾದರ್ ಬೆನೆಡಿಕ್ಟ್ ಆಲಪ್ಪಾಟರೊಡನೆ ಭಾರತಕ್ಕೆ ಬಂದು ಕೆಂಗೇರಿಯಲ್ಲಿ ನೆಲೆಸಿದರು. ಅಲ್ಲಿಯ ಮಠಜೀವನ ಸರಳವೆಂದು ಭಾವಿಸಿದ್ದರೂ, ಮೇಜು, ಕುರ್ಚಿ, ಮಂಚಗಳ ಆ ಪಾಶ್ಚಾತ್ಯ ರೀತಿಯು ಸುತ್ತಲಿನ ಹಳ್ಳಿಗರ ಬಡತನದ ಎದುರಿನಲ್ಲಿ ಶ್ರೀಮಂತಿಕೆಯೇ ಎಂಬ ಅರಿವು ಅವರಿಗೆ ಮೂಡಿತು. 1958ರಲ್ಲಿ ಫಾದರ್ ಫ್ರಾನ್ಸಿಸ್ ಆಚಾರ್ಯರೊಡನೆ ಕೇರಳದಲ್ಲಿ ಕುರಿಶುಮಲ ಆಶ್ರಮವನ್ನು ಕಟ್ಟಿದರು. 1968ರಲ್ಲಿ, ನಮ್ಮ ಕೊಡಗಿನಲ್ಲಿ ಹುಟ್ಟುವ ಕಾವೇರಿಯ ದಡದ ಮೇಲಿರುವ ತಮಿಳುನಾಡಿನ ಶಾಂತಿವನವನ್ನು ಸೇರಿದರು.

ಶಾಂತಿವನದಲ್ಲಿ ಕಾವಿಯುಟ್ಟು, ನೆಲದ ಮೇಲೆ ಕುಳಿತು, ಬೆಳಗು ಸಂಜೆ ಒಂದೊಂದು ತಾಸು ಧ್ಯಾನಿಸುತ್ತಿದ್ದರು. ಆ ಧ್ಯಾನಕ್ಕೆ ಆಧಾರ ಯೇಸುನಾಮ ಪ್ರಾರ್ಥನೆ. ಉಪನಿಷತ್ತುಗಳನ್ನು ಆದರದಿಂದ ಓದಿದರೂ, ಆತ್ಮವು ದೇವರಲ್ಲಿ ಲೀನವಾಗಿ ಇಲ್ಲವಾಗುವುದೆಂದು ಅವರು ಒಪ್ಪಲಿಲ್ಲ. ತ್ರೈಯೇಕ ದೇವರಲ್ಲಿ ಐಕ್ಯವೂ ಪ್ರೀತಿಯ ಸಂಬಂಧವೂ ಒಟ್ಟಿಗಿರುವಂತೆ, ದೇವರೊಡನೆ ಒಂದಾದ ಆತ್ಮವು ಪ್ರೀತಿಸುತ್ತಲೇ ಉಳಿಯುವುದೆಂಬುದು ಅವರ ನಿಲುವು.

ಟೀಕೆಗಳು ಎರಡು ಕಡೆಗಳಿಂದಲೂ ಬಂದವು. ಇದು ಮತಾಂತರದ ವೇಷವೆಂದು ಕೆಲವು ಹಿಂದೂಗಳೂ, ವಿಶ್ವಾಸದ ಕಲಬೆರಕೆಯೆಂದು ಕೆಲವು ಕಥೋಲಿಕರೂ ಆಕ್ಷೇಪಿಸಿದರು. ಧ್ಯಾನದ ವಿಧಾನಗಳನ್ನೇ ದೇವಾನುಗ್ರಹವೆಂದು ಭ್ರಮಿಸಬಾರದೆಂದು 1989ರಲ್ಲಿ ರೋಮಿನಿಂದ ಪತ್ರವೊಂದು ಹೊರಟಾಗ, ಅದು ಪೌರ್ವಾತ್ಯ ಸಾಧನೆಯನ್ನು ಸರಿಯಾಗಿ ಅರಿತಿಲ್ಲವೆಂದು ಅವರು ಬರೆದರು. ಆ ಎಚ್ಚರಿಕೆ ಅನಗತ್ಯವಾಗಿರಲಿಲ್ಲ. ಆದರೂ ಹಳೆಯ ಮಠಗಳ ಮೌನವನ್ನು ಜನ ಮರೆತಿದ್ದ ಕಾಲದಲ್ಲಿ ಅದನ್ನು ನೆನಪಿಗೆ ತಂದ ಶ್ರೇಯಸ್ಸು ಅವರಿಗೆ ಸಲ್ಲಬೇಕು.

1990ರ ಜನವರಿಯಲ್ಲಿ ಪಾರ್ಶ್ವವಾಯು ಅವರನ್ನು ಬಡಿಯಿತು. ಜೀವನವಿಡೀ ದುಡಿದಿದ್ದ ತರ್ಕಬುದ್ಧಿಯು ಸೋತ ಆ ಘಳಿಗೆಯಲ್ಲಿ ತಾಯಿಯ ಮಮತೆಯಂತಹ ಅಪಾರ ಪ್ರೀತಿಯೊಂದು ತಮ್ಮನ್ನು ಆವರಿಸಿತೆಂದು ಅವರು ಸಾಕ್ಷಿ ನುಡಿದರು. 1993ರ ಮೇ 13ರಂದು ಶಾಂತಿವನದಲ್ಲಿಯೇ ಪ್ರಭುವಿನಲ್ಲಿ ನಿದ್ರಿಸಿದರು.

ಬುದ್ಧಿಯು ವಿಶ್ವಾಸವನ್ನು ಮೂಢನಂಬಿಕೆಯಿಂದ ಕಾಯುತ್ತದೆ. ವಿಶ್ವಾಸವು ಬುದ್ಧಿಗೆ ಆರಾಧಿಸಬೇಕಾದವನನ್ನು ತೋರಿಸುತ್ತದೆ. ಧ್ಯಾನವು ಆತನ ಸನ್ನಿಧಿಯಲ್ಲಿ ನಿಲ್ಲುವುದನ್ನು ಕಲಿಸುತ್ತದೆ. ಒಂದನ್ನು ತೊರೆದರೆ ಉಳಿದೆರಡೂ ಬಡವಾಗುತ್ತವೆ. ಈ ಶತಮಾನೋತ್ಸವದ ಸಂಭ್ರಮದಲ್ಲಿ ಗಂಟೆಗಳೂ ಗೀತೆಗಳೂ ಮೊಳಗಲಿ. ಪರಮಪ್ರಸಾದ ಸ್ವೀಕರಿಸಿದ ಬಳಿಕ ಐದು ನಿಮಿಷ ಮೌನವಾಗಿ ಕುಳಿತುಕೊಳ್ಳುವ ಅಭ್ಯಾಸವೂ ನಮ್ಮ ಧರ್ಮಕೇಂದ್ರದಲ್ಲಿ ಬೇರೂರಲಿ ಎಂಬುದೇ ನನ್ನ ಪ್ರಾರ್ಥನೆ.